ಸರ್ಕಾರ ಅಂದ್ರೆ ಯಾರು ಅಂತ ಮಗು ಕೇಳಿದರೆ, ನಲ್ಲಿಯಿಂದ ಶುರು ಮಾಡಿ

ಪ್ರಶ್ನೆ: ನಾವಿರುವುದು ತಿಪಟೂರು ಕಡೆಯ ಒಂದು ಹಳ್ಳಿಯಲ್ಲಿ. ಮಗಳು ಐದನೇ ಕ್ಲಾಸು, ಮಗ ಒಂಬತ್ತನೇ ಕ್ಲಾಸು. ಮಗಳು "ಅಮ್ಮ, ಸರ್ಕಾರ ಅಂದ್ರೆ ಯಾರು? ಎಲ್ಲಿರುತ್ತೆ?" ಅಂತ ಕೇಳುತ್ತಾಳೆ. ಮಗನದು ಬೇರೆ ರಾಗ. "ಎಲ್ರೂ ಕಳ್ಳರೇ, ಒಂದು ವೋಟಿಂದ ಏನಾಗುತ್ತೆ, ದುಡ್ಡು ಹಂಚಿದೋರು ಗೆಲ್ತಾರೆ" ಅನ್ನುತ್ತಾನೆ. ಪಾಠದಲ್ಲಿರುವುದನ್ನು ಇಬ್ಬರೂ ಬಾಯಿಪಾಠ ಮಾಡಿ ಅಂಕ ತೆಗೆಯುತ್ತಾರೆ, ಆದರೆ ಏನೂ ತಲೆಗೆ ಹೋದ ಹಾಗೆ ಕಾಣುವುದಿಲ್ಲ. ಮನೆಯಲ್ಲೇ ಹೇಗೆ ಹೇಳಿಕೊಡಲಿ?

ಉತ್ತರ: ಮಗಳ ಪ್ರಶ್ನೆ ಸರಿಯಾಗಿದೆ. ಮಗನ ಸಿಟ್ಟಿನ ಬಗ್ಗೆಯೂ ಚಿಂತೆ ಬೇಡ. ಸುತ್ತ ನಡೆಯುವುದನ್ನು ಅವನು ಗಮನಿಸುತ್ತಿದ್ದಾನೆ ಅನ್ನುವುದಕ್ಕೆ ಅದೇ ಗುರುತು. ಸಮಾಜ ವಿಜ್ಞಾನದ ಮೇಷ್ಟ್ರಾಗಿ ಕೆಲಸ ಮಾಡಿದವನು ನಾನು. ನನ್ನ ಅನುಭವದಲ್ಲಿ, ಏನೂ ಪ್ರಶ್ನೆ ಕೇಳದೆ "ಮತದಾನ ನಮ್ಮ ಪವಿತ್ರ ಕರ್ತವ್ಯ" ಅಂತ ಚೆಂದವಾಗಿ ಭಾಷಣ ಮಾಡುವ ಮಕ್ಕಳಿಗೆ ಕಲಿಸುವುದೇ ಜಾಸ್ತಿ ಕಷ್ಟ.

ನಾವು ಸಾಮಾನ್ಯವಾಗಿ ಮೇಲಿಂದ ಶುರು ಮಾಡುತ್ತೇವೆ. ರಾಷ್ಟ್ರಪತಿ, ಸಂಸತ್ತು, ಸುಪ್ರೀಂ ಕೋರ್ಟು ಎಲ್ಲ ಮುಗಿದು ಪಂಚಾಯಿತಿಗೆ ಬರುವ ಹೊತ್ತಿಗೆ ಮಗು ಆಕಳಿಸುತ್ತಿರುತ್ತದೆ. ಹತ್ತು ವರ್ಷದ ಹುಡುಗಿ ಇವ್ಯಾವುದನ್ನೂ ಕಂಡಿಲ್ಲ. ಅವಳು ಕಂಡಿರುವುದು ನಲ್ಲಿ, ಬೀದಿದೀಪ, ಬಿಸಿಯೂಟ, ಕೆಂಪು ಬಸ್ಸು. ಇವುಗಳಲ್ಲಿ ಒಂದನ್ನು ಹಿಡಿದು "ಇದು ಇಲ್ಲಿಗೆ ಹೇಗೆ ಬಂತು? ಯಾರು ತೀರ್ಮಾನ ಮಾಡಿದರು? ದುಡ್ಡು ಯಾರದು?" ಅಂತ ಹಿಂದೆ ಹಿಂದೆ ಹೋಗಿ. ಸರ್ಕಾರ ತಾನಾಗೇ ಸಿಗುತ್ತದೆ. ವೋಟಿನ ಮಾತು ಮೊದಲೇ ತೆಗೆಯಬೇಡಿ, ಅದು ಕೊನೆಗೆ ಬರಲಿ. ಇಷ್ಟು ಜನ ಸೇರಿ ಒಂದು ನಲ್ಲಿಯಲ್ಲಿ ನೀರು ಬರಿಸುತ್ತಾರೆ ಅಂತ ಗೊತ್ತಾದ ಮೇಲೆ "ಇವರನ್ನೆಲ್ಲ ಯಾರು ಆರಿಸುತ್ತಾರೆ?" ಅಂತ ಮಗುವೇ ಕೇಳುತ್ತದೆ.

ನಿಮ್ಮ ಮನೆಯ ನಲ್ಲಿಯನ್ನೇ ನೋಡಿ. ಬೆಳಿಗ್ಗೆ ವಾಲ್ವ್ ತಿರುಗಿಸುವುದು ನೀರುಗಂಟಿ. ಅವರಿಗೆ ಸಂಬಳ ಕೊಡುವುದು, ನೀರಿನ ಕಂದಾಯ ವಸೂಲಿ ಮಾಡುವುದು ಗ್ರಾಮ ಪಂಚಾಯಿತಿ. ಮೋಟಾರಿಗೆ ಕರೆಂಟು ಬೆಸ್ಕಾಂನದು, ಅದು ರಾಜ್ಯ ಸರ್ಕಾರದ ಕಂಪನಿ. ಈಚಿನ ವರ್ಷಗಳಲ್ಲಿ ಜಲಜೀವನ್ ಮಿಷನ್‌ನಲ್ಲಿ ಹಾಕಿದ ಪೈಪಾದರೆ, ಆ ಯೋಜನೆ ಶುರುವಾದದ್ದು 2019ರಲ್ಲಿ, ನಮ್ಮಂಥ ರಾಜ್ಯಗಳಲ್ಲಿ ಅದರ ಖರ್ಚು ಕೇಂದ್ರಕ್ಕೆ ಅರ್ಧ, ರಾಜ್ಯಕ್ಕೆ ಅರ್ಧ. ಒಂದು ನಲ್ಲಿಯ ಹಿಂದೆ ಮೂರು ಸರ್ಕಾರಗಳಿವೆ ಅಂದಾಯಿತು. ಮಗಳ ಕೈಗೆ ಒಂದು ಹಾಳೆ ಕೊಟ್ಟು ಇದನ್ನು ಚಿತ್ರದ ಥರ ಬರೆಸಿ. ಆಮೇಲೆ ಒಂದು ದಿನ ನೀರುಗಂಟಿಯನ್ನೇ ಮಾತಾಡಿಸಲಿ. ಮೋಟಾರು ಸುಟ್ಟರೆ ಯಾರಿಗೆ ಫೋನ್ ಮಾಡುತ್ತಾರೆ, ರಿಪೇರಿಗೆ ದುಡ್ಡು ಯಾರು ಮಂಜೂರು ಮಾಡಬೇಕು ಅಂತ ಕೇಳಲಿ. ಪಿಡಿಓ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಯಾರು, ಅಧ್ಯಕ್ಷರು ಯಾರು, ಇಬ್ಬರಿಗೂ ಇರುವ ವ್ಯತ್ಯಾಸ ಏನು ಅನ್ನುವುದು ಆ ಮಾತಿನಲ್ಲೇ ಬರುತ್ತದೆ. ಒಬ್ಬರು ಪರೀಕ್ಷೆ ಬರೆದು ಬಂದ ಅಧಿಕಾರಿ, ವರ್ಗವಾಗಿ ಹೋಗುತ್ತಾರೆ. ಇನ್ನೊಬ್ಬರು ಊರಿನವರೇ, ಗೆದ್ದು ಬಂದವರು, ಮತ್ತೆ ವೋಟು ಕೇಳಲು ನಮ್ಮ ಬಾಗಿಲಿಗೇ ಬರಬೇಕಾದವರು. ಈ ಒಂದು ವ್ಯತ್ಯಾಸ ತಿಳಿದರೆ ಅರ್ಧ ಪೌರನೀತಿ ತಿಳಿದ ಹಾಗೆ.

ಬಿಸಿಯೂಟ ಇದಕ್ಕಿಂತಲೂ ಒಳ್ಳೆಯ ಪಾಠ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಅಂತ ಬಾಯಿಪಾಠ ಮಾಡುತ್ತಾರಲ್ಲ, ಆ ಮೂರೂ ಆ ತಟ್ಟೆಯಲ್ಲಿವೆ. 2001ರಲ್ಲಿ ಬರಗಾಲದ ಹೊತ್ತು. ಸರ್ಕಾರಿ ಗೋದಾಮುಗಳಲ್ಲಿ ಧಾನ್ಯ ಕೊಳೆಯುತ್ತಿದೆ, ಜನ ಹಸಿದಿದ್ದಾರೆ ಅಂತ ಕೆಲವರು ಸುಪ್ರೀಂ ಕೋರ್ಟಿಗೆ ಹೋದರು. ಅದೇ ವರ್ಷ ನವೆಂಬರ್ 28ರಂದು, ಸರ್ಕಾರಿ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಬೇಯಿಸಿದ ಊಟ ಕೊಡಲೇಬೇಕು ಅಂತ ಕೋರ್ಟು ಎಲ್ಲ ರಾಜ್ಯಗಳಿಗೂ ಹೇಳಿತು. ತಮಿಳುನಾಡು ಅದಕ್ಕೂ ಎಷ್ಟೋ ಮೊದಲೇ ಕೊಡುತ್ತಿತ್ತು. ಕರ್ನಾಟಕದಲ್ಲಿ ಅಕ್ಷರ ದಾಸೋಹ ಅನ್ನುವ ಬಿಸಿಯೂಟದ ಯೋಜನೆ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಶುರುವಾಗಿ ಮುಂದಿನ ವರ್ಷ ಎಲ್ಲ ಕಡೆ ಬಂತು. ಕೋರ್ಟು ಹೇಳಿದರೆ ಅನ್ನ ಬೇಯುತ್ತದಾ? ಇಲ್ಲ. ದುಡ್ಡು ಬೇಕು. ಪ್ರತಿ ವರ್ಷ ಅದಕ್ಕೆ ಇಷ್ಟು ಅಂತ ಒಪ್ಪಿಗೆ ಕೊಡುವವರು ದಿಲ್ಲಿಯಲ್ಲಿ ಸಂಸದರು, ಬೆಂಗಳೂರಿನಲ್ಲಿ ಶಾಸಕರು. ಅಕ್ಕಿ, ಬೇಳೆ ಶಾಲೆಗೆ ಮುಟ್ಟಿಸುವುದು ಅಧಿಕಾರಿಗಳು. ಬೇಯಿಸುವುದು ನಿಮ್ಮೂರಿನ ಅಡುಗೆ ಸಿಬ್ಬಂದಿ. ಸರಿಯಾಗಿ ನಡೆಯುತ್ತಿದೆಯಾ ಅಂತ ನೋಡಬೇಕಾದವರಲ್ಲಿ ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯೂ ಒಂದು, ಅಂದರೆ ನಿಮ್ಮ ಹಾಗಿನ ತಂದೆತಾಯಂದಿರು. ಊಟದಲ್ಲಿ ಹುಳ ಸಿಕ್ಕರೆ ಯಾರನ್ನು ಕೇಳಬೇಕು ಅಂತ ಮಗಳನ್ನು ಕೇಳಿ ನೋಡಿ. ಈಗ ಅವಳು "ಸರ್ಕಾರವನ್ನು" ಅನ್ನುವುದಿಲ್ಲ.

ಇದೇ ತಟ್ಟೆಯಲ್ಲಿ ಇನ್ನೊಂದು ಮಾತಿದೆ, ಮಗನ ಜೊತೆಗೂ ಆಡಬಹುದಾದದ್ದು. ಶಾಲೆಯಲ್ಲಿ ಮೊಟ್ಟೆ ಕೊಡುವ ಮಾತು ಬಂದಾಗ ನಮ್ಮ ರಾಜ್ಯದಲ್ಲಿ ದೊಡ್ಡ ಗಲಾಟೆ ಆಯಿತು. ಮಕ್ಕಳಲ್ಲಿ ಅಪೌಷ್ಟಿಕತೆ ಇದೆ, ಮೊಟ್ಟೆ ಬೇಕು ಅಂದವರು ಒಂದು ಕಡೆ. ಶಾಲೆಯಲ್ಲಿ ಮೊಟ್ಟೆ ಬೇಡ ಅಂದ ಮಠಾಧೀಶರು, ಸಂಘಟನೆಗಳು ಇನ್ನೊಂದು ಕಡೆ. ಕೊನೆಗೆ ಆದದ್ದೇನು? ತಿನ್ನುವವರಿಗೆ ಮೊಟ್ಟೆ, ಬೇಡದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ. ಜಾಸ್ತಿ ಜನ ಕೈ ಎತ್ತಿದರು ಅಂತ ಎಲ್ಲರ ತಟ್ಟೆಗೂ ಮೊಟ್ಟೆ ಬೀಳಲಿಲ್ಲ. ಕೆಲವರು ಬೇಡ ಅಂದರು ಅಂತ ಬೇಕಾದವರಿಗೆ ತಪ್ಪಲೂ ಇಲ್ಲ. ಪ್ರಜಾಪ್ರಭುತ್ವ ಅಂದರೆ ಬಹುಮತ ಅಂತಷ್ಟೇ ಕಲಿತ ಮಗುವಿಗೆ ಇದನ್ನು ತೋರಿಸಲೇಬೇಕು. ಎಷ್ಟೇ ಕೈ ಎದ್ದರೂ ಕಿತ್ತುಕೊಳ್ಳಲಾಗದ್ದು ಕೆಲವು ಇರುತ್ತವೆ. ಸಂವಿಧಾನದಲ್ಲಿ ಮೂಲಭೂತ ಹಕ್ಕುಗಳು ಯಾಕಿವೆ ಅನ್ನುವುದಕ್ಕೆ ಇದಕ್ಕಿಂತ ಸುಲಭದ ದಾರಿ ನನಗಂತೂ ಕಂಡಿಲ್ಲ.

ಇನ್ನು ಮನೆಯಲ್ಲೇ ಚುನಾವಣೆ ಮಾಡಿ. ಆದರೆ ಒಂದು ಷರತ್ತು. ಫಲಿತಾಂಶ ಏನೇ ಬಂದರೂ ನೀವು ಒಪ್ಪಬೇಕು. "ವೋಟು ಹಾಕಿ" ಅಂತ ಹೇಳಿ ಆಮೇಲೆ "ಅದೆಲ್ಲ ಆಗಲ್ಲ, ನಾನು ಹೇಳಿದ್ದೇ" ಅಂದರೆ ಮಕ್ಕಳು ಕಲಿಯುವ ಪಾಠವೇ ಬೇರೆ. ಹಾಗಾಗಿ ಬಿಟ್ಟುಕೊಡಬಹುದಾದ ವಿಷಯ ಮಾತ್ರ ಆರಿಸಿಕೊಳ್ಳಿ. ದಸರಾ ರಜೆಗೆ ಎಲ್ಲಿಗೆ ಹೋಗೋಣ ಅನ್ನುವುದು ಆಗಬಹುದು, ಶಾಲೆಗೆ ಹೋಗಬೇಕೋ ಬೇಡವೋ ಅನ್ನುವುದು ಬೇಡ. ದೊಡ್ಡಪ್ಪ, ಚಿಕ್ಕಮ್ಮ, ಅವರ ಮಕ್ಕಳು ಎಲ್ಲ ಸೇರಿದಾಗ ಮಾಡಿದರೆ ಇನ್ನೂ ಚೆನ್ನ, ಏಕೆಂದರೆ ನಾಲ್ಕು ವೋಟಿನ ಚುನಾವಣೆಯಲ್ಲಿ ಮಜಾ ಇಲ್ಲ.

ಮೊದಲು ಕೈ ಎತ್ತಿಸಿ. ಚಿಕ್ಕವರು ಅಣ್ಣನ ಮುಖ ನೋಡಿ, ಅಜ್ಜನ ಮುಖ ನೋಡಿ ಕೈ ಎತ್ತುತ್ತಾರೆ. ಆಮೇಲೆ ಅದೇ ಪ್ರಶ್ನೆಗೆ ಚೀಟಿಯಲ್ಲಿ ಬರೆಸಿ, ಡಬ್ಬಿಗೆ ಹಾಕಿಸಿ. ಲೆಕ್ಕ ಎಷ್ಟೋ ಸಲ ಬದಲಾಗುತ್ತದೆ. ಮತಗಟ್ಟೆಯಲ್ಲಿ ಯಂತ್ರಕ್ಕೆ ಯಾಕೆ ರಟ್ಟಿನ ಮರೆ ಕಟ್ಟುತ್ತಾರೆ ಅನ್ನುವುದಕ್ಕೆ ಬೇರೆ ವಿವರಣೆ ಬೇಡ.

ಮಗನಿಗೆ ಗಣಿತ ಇಷ್ಟವಾದರೆ ಇನ್ನೊಂದು ಲೆಕ್ಕ ಕೊಡಿ. ನಲವತ್ತು ಮಕ್ಕಳ ಕ್ಲಾಸು, ಪ್ರವಾಸ ಎಲ್ಲಿಗೆ ಅಂತ ವೋಟು. ಚಿತ್ರದುರ್ಗಕ್ಕೆ 15, ಬೇಲೂರಿಗೆ 13, ಶಿವನಸಮುದ್ರಕ್ಕೆ 12. ಗೆದ್ದದ್ದು ಚಿತ್ರದುರ್ಗ. ಆದರೆ 25 ಮಕ್ಕಳು ಅದನ್ನು ಕೇಳಿರಲಿಲ್ಲ, ಅಲ್ವಾ? ನಮ್ಮ ಶಾಸಕರು, ಸಂಸದರು ಗೆಲ್ಲುವುದೂ ಹೀಗೆಯೇ. ಅರ್ಧಕ್ಕಿಂತ ಜಾಸ್ತಿ ವೋಟು ಬೇಕಿಲ್ಲ, ಉಳಿದವರಿಗಿಂತ ಒಂದು ಜಾಸ್ತಿ ಸಾಕು. ಈಗ ಕೊನೆಯದನ್ನು ತೆಗೆದು ಉಳಿದ ಎರಡಕ್ಕೆ ಮತ್ತೆ ವೋಟು ಹಾಕಿಸಿದರೆ? ಶಿವನಸಮುದ್ರದ ಹನ್ನೆರಡು ಜನರಲ್ಲಿ ಜಾಸ್ತಿ ಜನ ಬೇಲೂರಿನ ಕಡೆ ಹೋದರೆ ಬೇಲೂರೇ ಗೆಲ್ಲಬಹುದು. ಯಾವುದು ನ್ಯಾಯ? ಅವನೇ ವಾದ ಮಾಡಲಿ. ನಿಯಮಗಳನ್ನೂ ಮನುಷ್ಯರೇ ಮಾಡಿದ್ದು, ಬೇರೆ ಥರವೂ ಮಾಡಬಹುದು ಅನ್ನುವುದು ಈ ವಯಸ್ಸಿಗೆ ಗೊತ್ತಾಗಬೇಕು.

ಶಾಲಾ ಸಂಸತ್ತಿನ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ಜೂನ್, ಜುಲೈ ಬಂದರೆ ಎಲ್ಲ ಶಾಲೆಗಳಲ್ಲೂ ಚುನಾವಣೆ. ನಾಮಪತ್ರ, ಪ್ರಚಾರ, ಬೆರಳಿಗೆ ಶಾಯಿ, ಮೊಬೈಲಿನಲ್ಲೇ ಮತಯಂತ್ರ, ಎಲ್ಲ ಸೊಗಸಾಗಿ ನಡೆಯುತ್ತದೆ. ಆದರೆ ಎಷ್ಟೋ ಕಡೆ ಮಕ್ಕಳೆಲ್ಲ ಸೇರಿ ನೇರವಾಗಿ "ಪ್ರಧಾನಮಂತ್ರಿ"ಗೆ ವೋಟು ಹಾಕುತ್ತಾರೆ. ನಮ್ಮ ದೇಶದಲ್ಲಿ ಪ್ರಧಾನಿಗೆ ಯಾರೂ ನೇರವಾಗಿ ವೋಟು ಹಾಕುವುದಿಲ್ಲ. ನಾವು ಆರಿಸುವುದು ಸಂಸದರನ್ನು, ಕರ್ನಾಟಕದಿಂದ 28 ಜನರನ್ನು. ಲೋಕಸಭೆಯಲ್ಲಿ ಯಾರಿಗೆ ಬಹುಮತದ ಬೆಂಬಲ ಇದೆಯೋ ಅವರು ಪ್ರಧಾನಿ. ವಿಧಾನಸಭೆಯ 224 ಶಾಸಕರಿಗೂ ಮುಖ್ಯಮಂತ್ರಿಗೂ ಇರುವ ಲೆಕ್ಕ ಇದೇ. 1999ರ ಏಪ್ರಿಲ್‌ನಲ್ಲಿ ವಾಜಪೇಯಿ ಸರ್ಕಾರ ಬಿದ್ದದ್ದು ಲೋಕಸಭೆಯೊಳಗಿನ ವೋಟಿನಲ್ಲಿ, ಪರ 269, ವಿರುದ್ಧ 270. ಗ್ರಾಮ ಪಂಚಾಯಿತಿ ಅಧ್ಯಕ್ಷರನ್ನು ಆರಿಸುವುದೂ ಗೆದ್ದ ಸದಸ್ಯರೇ. ಹಾಗಾಗಿ ಶಾಲೆಯಲ್ಲೂ ಪ್ರತಿ ತರಗತಿ ತನ್ನ ಪ್ರತಿನಿಧಿಗಳನ್ನು ಆರಿಸಲಿ, ಅವರು ಕೂತು ನಾಯಕನನ್ನು ಆರಿಸಲಿ, ಸೋತವರ ಗುಂಪಿಗೆ ಪ್ರಶ್ನೆ ಕೇಳುವ ಕೆಲಸ ಇರಲಿ. ಎಸ್‌ಡಿಎಂಸಿ ಸಭೆಯಲ್ಲಿ ಇದನ್ನು ನೀವೇ ಹೇಳಬಹುದು. ಇನ್ನೊಂದು ತೊಂದರೆ, ಗೆದ್ದ "ಆರೋಗ್ಯ ಮಂತ್ರಿ"ಗೆ ಆಮೇಲೆ ಕೆಲಸವೇ ಇರುವುದಿಲ್ಲ, ಬ್ಯಾಡ್ಜ್ ಮಾತ್ರ. ಆಟದ ಸಾಮಾನಿಗೆ ಒಂದಿಷ್ಟು ದುಡ್ಡು ಕೊಟ್ಟು, ಏನು ತರಬೇಕು ಅಂತ ಮಕ್ಕಳ ಸಂಸತ್ತೇ ತೀರ್ಮಾನಿಸಲಿ, ಲೆಕ್ಕ ಕೊಡಲಿ. ಹುಡುಗರ ಕ್ರಿಕೆಟ್ ಬ್ಯಾಟು ಮೊದಲೋ ಹುಡುಗಿಯರ ಥ್ರೋಬಾಲ್ ನೆಟ್ಟು ಮೊದಲೋ ಅಂತ ಜಗಳ ಆಗುತ್ತದೆ. ಆಗಲಿ, ಬಜೆಟ್ ಅಂದರೆ ಅದೇ.

ಮಕ್ಕಳ ಗ್ರಾಮಸಭೆ ನಿಮ್ಮ ಪಂಚಾಯಿತಿಯಲ್ಲಿ ನಡೆಯುತ್ತದಾ ಅಂತ ಕೇಳಿ ನೋಡಿ. 1990ರ ದಶಕದಲ್ಲಿ ಕುಂದಾಪುರದ ಕಡೆ ಮಕ್ಕಳದೇ ಪಂಚಾಯಿತಿಗಳ ಪ್ರಯೋಗ ನಡೆದಿತ್ತು. ಆಮೇಲೆ ಎಲ್ಲ ಗ್ರಾಮ ಪಂಚಾಯಿತಿಗಳೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು ಅಂತ ರಾಜ್ಯ ಸರ್ಕಾರವೇ ಹೇಳಿದೆ. ಸಾಮಾನ್ಯವಾಗಿ ನವೆಂಬರ್ ಆಸುಪಾಸಿನಲ್ಲಿ ಮಾಡುತ್ತಾರೆ. ಕೆಲವು ಕಡೆ ಅದು ಸ್ವಾಗತ, ಹಾರ, ಫೋಟೋದಲ್ಲೇ ಮುಗಿದು ಹೋಗುತ್ತದೆ. ಮಕ್ಕಳು ತಯಾರಾಗಿ ಹೋದರೆ ಹಾಗಾಗುವುದಿಲ್ಲ. "ನಮಗೆ ಒಳ್ಳೆಯ ಶಾಲೆ ಬೇಕು" ಅಂದರೆ ಎಲ್ಲರೂ ಚಪ್ಪಾಳೆ ತಟ್ಟಿ ಕಳಿಸುತ್ತಾರೆ. "ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿನ ಕನೆಕ್ಷನ್ ಇಲ್ಲ, ಯಾವ ತಿಂಗಳೊಳಗೆ ಹಾಕಿಸುತ್ತೀರಿ?" ಅಂದರೆ ಪಿಡಿಓ ಪೆನ್ನು ತೆಗೆಯಲೇಬೇಕು. ಸಭೆಯ ನಡಾವಳಿಯಲ್ಲಿ ಅದು ಬರೆದಿದೆಯಾ ಅಂತ ನೋಡಿಕೊಂಡು ಬರಲಿ. ಕೆಲವಕ್ಕೆ "ಇದು ನಮ್ಮ ಕೈಯಲ್ಲಿಲ್ಲ" ಅನ್ನುವ ಉತ್ತರ ಬರುತ್ತದೆ. ಬಸ್ಸಿನ ಟೈಮು ಬದಲಾಯಿಸುವುದು ಕೆಎಸ್‌ಆರ್‌ಟಿಸಿ ಡಿಪೋದ ಕೆಲಸ, ಪಂಚಾಯಿತಿ ಪತ್ರ ಬರೆಯಬಹುದು ಅಷ್ಟೇ. ಮಗಳಿಗೆ ಬೇಜಾರಾಗಬಹುದು. ಆದರೆ ಯಾರ ಕೈಯಲ್ಲಿ ಏನಿದೆ ಅನ್ನುವುದು ಅವಳಿಗೆ ಇನ್ನು ಮರೆಯುವುದಿಲ್ಲ.

ಈಗ ಮಗನ ವಿಷಯ. ಅವನ ಮೂರು ಮಾತಿಗೂ ನೇರವಾಗಿ ಉತ್ತರ ಕೊಡಿ, ಉಪದೇಶ ಬೇಡ.

"ಒಂದು ವೋಟಿಂದ ಏನಾಗುತ್ತೆ?" ಇದಕ್ಕೆ ಎಲ್ಲರೂ ಹೇಳುವುದು ಸಂತೇಮರಹಳ್ಳಿ ಕಥೆ. ನೀವೂ ಹೇಳಿ, ಕಥೆ ನಿಜವಾದದ್ದೇ. 2004ರ ವಿಧಾನಸಭಾ ಚುನಾವಣೆ, ಚಾಮರಾಜನಗರ ಜಿಲ್ಲೆ. ಆರ್. ಧ್ರುವನಾರಾಯಣ ಅವರಿಗೆ 40,752 ವೋಟು, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. 2008ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲಿ ಸಿ.ಪಿ. ಜೋಶಿ ಸೋತದ್ದೂ ಒಂದೇ ವೋಟಿನಿಂದ. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಅಂತರ 16. ಆದರೆ ಇಷ್ಟು ಹೇಳಿ ನಿಲ್ಲಿಸಿದರೆ ಹುಷಾರು ಹುಡುಗ "ಸಾವಿರಾರು ಚುನಾವಣೆಯಲ್ಲಿ ಇವು ಮೂರು ತಾನೆ?" ಅನ್ನುತ್ತಾನೆ. ಸರಿಯೇ. ಸರಾಸರಿ ಎರಡು ಲಕ್ಷಕ್ಕೂ ಜಾಸ್ತಿ ಮತದಾರರಿರುವ ಕ್ಷೇತ್ರದಲ್ಲಿ ಒಂದು ವೋಟು ಫಲಿತಾಂಶ ಬದಲಿಸುವುದು ಬಲು ಅಪರೂಪ ಅಂತ ಒಪ್ಪಿಕೊಳ್ಳಿ. ಒಪ್ಪಿಕೊಂಡರೆ ಮುಂದಿನ ಮಾತನ್ನು ಅವನು ಕೇಳುತ್ತಾನೆ.

ಮೊದಲನೆಯದು, ಎಲ್ಲ ಚುನಾವಣೆಯಲ್ಲೂ ವೋಟಿನ ತೂಕ ಒಂದೇ ಅಲ್ಲ. ಗ್ರಾಮ ಪಂಚಾಯಿತಿಯಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಅದರಲ್ಲಿ ಮಕ್ಕಳನ್ನು ಬಿಡಿ, ಊರಲ್ಲಿಲ್ಲದವರನ್ನು ಬಿಡಿ, ಉಳಿಯುವುದೆಷ್ಟು? ಅಲ್ಲಿ ಎರಡು ಮೂರು ವೋಟಿನಲ್ಲಿ ಸೋಲು ಗೆಲುವು ಆಗುವುದು ಮಾಮೂಲು. ಸಮ ಬಂದು ಚೀಟಿ ಎತ್ತಿ ತೀರ್ಮಾನ ಮಾಡಿದ್ದೂ ಇದೆ. ನಿಮ್ಮೂರಿನ ಹಿರಿಯರನ್ನು ಕೇಳಿದರೆ ಅಂಥ ಒಂದಾದರೂ ಕಥೆ ಸಿಗುತ್ತದೆ. ನಮ್ಮ ರಾಜ್ಯದಲ್ಲಿ ಈ ಚುನಾವಣೆಗೆ ಪಕ್ಷದ ಚಿಹ್ನೆಯೂ ಇಲ್ಲ, ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಟಿವಿಯಲ್ಲಿ ಜಾಸ್ತಿ ಕಾಣದ ಈ ಚುನಾವಣೆಯೇ ನಿಮ್ಮ ನಲ್ಲಿಗೆ ತೀರಾ ಹತ್ತಿರದ್ದು.

ಎರಡನೆಯದು ಹುಡುಗರಿಗೆ ಹೇಳುವವರು ಕಡಿಮೆ. ಯಾರು ಯಾರಿಗೆ ವೋಟು ಹಾಕಿದರು ಅನ್ನುವುದು ಗುಟ್ಟು. ಆದರೆ ವಿಧಾನಸಭೆ, ಲೋಕಸಭೆ ಚುನಾವಣೆ ಮುಗಿದ ಮೇಲೆ ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಬಿತ್ತು ಅನ್ನುವ ಪಟ್ಟಿ ಸಾರ್ವಜನಿಕವಾಗಿ ಸಿಗುತ್ತದೆ, ಅದಕ್ಕೆ ಫಾರಂ 20 ಅನ್ನುತ್ತಾರೆ. ಎಲ್ಲ ಪಕ್ಷದವರೂ ಅದನ್ನು ಹಿಡಿದುಕೊಂಡೇ ಲೆಕ್ಕ ಹಾಕುವುದು. ಯಾವ ಬೀದಿ ವೋಟೇ ಹಾಕುವುದಿಲ್ಲ ಅನ್ನುವುದು ಅವರಿಗೆ ಗೊತ್ತು. ಹಾಕದ ಬೀದಿಗೆ ಹೆದರುವ ಅಗತ್ಯ ಅವರಿಗೆ ಯಾಕಿರುತ್ತದೆ? ನಿಮ್ಮ ಮತಗಟ್ಟೆಯ ಫಾರಂ 20 ಹುಡುಕಿ ಮಗನ ಮುಂದೆ ಇಡಿ. ಒಂದು ಸಂಜೆ ಪೂರ್ತಿ ಅದರಲ್ಲೇ ಕಳೆಯುತ್ತಾನೆ.

2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದಲ್ಲಿ ಶೇ. 81ಕ್ಕೂ ಜಾಸ್ತಿ ಮತದಾನ ಆಯಿತು, ಬೆಂಗಳೂರು ದಕ್ಷಿಣದಲ್ಲಿ ಸುಮಾರು ಶೇ. 53. ಬೆಂಗಳೂರಿನವರು ಸೋಮಾರಿಗಳು ಅಂತ ಬೈಯುವುದು ಸುಲಭ. ಬಾಡಿಗೆ ಮನೆ ಬದಲಾಯಿಸಿದವರ, ಊರು ಬಿಟ್ಟವರ ಹೆಸರು ಪಟ್ಟಿಯಲ್ಲೇ ಉಳಿದಿರುವುದೂ ಒಂದು ಕಾರಣ. ಜೊತೆಗೆ ಇದನ್ನೂ ಹೇಳಿ: ಬಿಬಿಎಂಪಿಯ, ಅಂದರೆ ಆಗಿನ ಬೆಂಗಳೂರು ಮಹಾನಗರ ಪಾಲಿಕೆಯ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿದ ಮೇಲೆ ವರ್ಷಗಟ್ಟಲೆ ಆ ಊರಿಗೆ ಕಾರ್ಪೊರೇಟರ್‌ಗಳೇ ಇರಲಿಲ್ಲ. ವೋಟು ಹಾಕುವ ಅವಕಾಶವೇ ಸಿಗದಿದ್ದರೆ ಏನಾಗುತ್ತದೆ ಅಂತ ನೋಡಲು ಅಲ್ಲಿ ಕಸದ ಬಗ್ಗೆ, ರಸ್ತೆ ಗುಂಡಿಯ ಬಗ್ಗೆ ದೂರು ಕೊಡಲು ಅಲೆಯುವ ನೆಂಟರೊಬ್ಬರನ್ನು ಮಾತಾಡಿಸಿದರೆ ಸಾಕು.

"ಎಲ್ಲರೂ ಕಳ್ಳರೇ" ಅಂದರೆ "ಹಾಗನ್ನಬಾರದು" ಅನ್ನಬೇಡಿ. "ಯಾರು, ಎಷ್ಟು, ಹೇಗೆ ಗೊತ್ತು?" ಅಂತ ಕೇಳಿ. ಶಾಸಕ, ಸಂಸದ ಸ್ಥಾನಕ್ಕೆ ನಿಲ್ಲುವವರೆಲ್ಲ ತಮ್ಮ ಆಸ್ತಿ, ಸಾಲ, ಓದು, ಮೇಲಿರುವ ಕ್ರಿಮಿನಲ್ ಕೇಸು ಎಲ್ಲವನ್ನೂ ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. ಸುಪ್ರೀಂ ಕೋರ್ಟು 2002ರಲ್ಲಿ ಮತದಾರರಿಗೆ ಇದನ್ನು ತಿಳಿಯುವ ಹಕ್ಕಿದೆ ಅಂದ ಮೇಲೆ ಬಂದ ವ್ಯವಸ್ಥೆ ಇದು. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಇರುತ್ತದೆ. ನಿಮ್ಮ ಕ್ಷೇತ್ರದಲ್ಲಿ ಹಿಂದಿನ ಸಲ ನಿಂತ ಮೂವರದ್ದು ತೆಗೆದು ಪಕ್ಕ ಪಕ್ಕ ಇಟ್ಟು ಓದಲಿ. ಕೇಸು ಇದೆ ಅಂದರೆ ಅಪರಾಧ ಸಾಬೀತಾಗಿದೆ ಅಂತಲ್ಲ, ಅದನ್ನೂ ಹೇಳಿಕೊಡಿ. ಎಲ್ಲರೂ ಒಂದೇ ಅಲ್ಲ ಅಂತ ಅವನಿಗೇ ಕಾಣಬಹುದು. ಕಾಣದೆಯೂ ಇರಬಹುದು. ಎರಡರಲ್ಲೂ ಅವನು ಕಾಗದ ನೋಡಿ ಮಾತಾಡುತ್ತಾನೆ, ಅದು ಮುಖ್ಯ.

ದುಡ್ಡಿನ ಮಾತು ಕಷ್ಟದ್ದು, ಏಕೆಂದರೆ ಅದು ಮನೆ ಬಾಗಿಲಿಗೇ ಬಂದಿರುತ್ತದೆ, ಮಕ್ಕಳು ನೋಡಿರುತ್ತಾರೆ. ವೋಟಿಗೆ ದುಡ್ಡು, ಕುಕ್ಕರ್, ಸೀರೆ ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ. ಇದನ್ನು ಹೇಳಿ ನೀವು ತೆಗೆದುಕೊಂಡರೆ ಪಾಠ ಅಲ್ಲಿಗೇ ಮುಗಿಯಿತು. ಆದರೆ ತೆಗೆದುಕೊಂಡ ಪಕ್ಕದ ಮನೆಯವರನ್ನು ಮಕ್ಕಳ ಮುಂದೆ ಹೀಯಾಳಿಸಬೇಡಿ. ಕೂಲಿ ಇಲ್ಲದ ದಿನ ಬಂದ ಐನೂರು ರೂಪಾಯಿಯ ಕಷ್ಟವೇ ಬೇರೆ. ಲೆಕ್ಕವನ್ನು ಮಗನೇ ಮಾಡಲಿ: ಐದು ವರ್ಷಕ್ಕೆ ಐನೂರು ಅಂದರೆ ದಿನಕ್ಕೆ ಎಷ್ಟು ಪೈಸೆ? ಹಂಚಿದವರು ಅದನ್ನು ಎಲ್ಲಿಂದ ವಾಪಸು ತೆಗೆಯುತ್ತಾರೆ? ಇಷ್ಟರ ಮೇಲೂ, ದುಡ್ಡು ಕೊಟ್ಟವರಿಗೇ ವೋಟು ಬಿತ್ತು ಅನ್ನಲು ಆಗುವುದಿಲ್ಲ. ರಟ್ಟಿನ ಮರೆಯ ಹಿಂದೆ ಯಾರೂ ನೋಡುವುದಿಲ್ಲ. ಯಾರಿಗೆ ವೋಟು ಬಿತ್ತು ಅಂತ ತೋರಿಸುವ ವಿವಿಪ್ಯಾಟ್ ಚೀಟಿ ಏಳು ಸೆಕೆಂಡು ಮತದಾರರಿಗೆ ಮಾತ್ರ ಕಂಡು ಡಬ್ಬಿಗೆ ಬೀಳುತ್ತದೆ, ಕೈಗೆ ಸಿಗುವುದಿಲ್ಲ. ದುಡ್ಡು ಹಂಚಿ ಸೋತವರೂ ನಮ್ಮ ರಾಜ್ಯದಲ್ಲಿ ಬೇಕಾದಷ್ಟು ಜನ ಇದ್ದಾರೆ.

ನಿಮ್ಮ ಪಕ್ಷ ಯಾವುದು ಅಂತ ಮಕ್ಕಳು ಕೇಳಿದರೆ ಮುಚ್ಚಿಡಬೇಕಿಲ್ಲ. ಯಾಕೆ ಅಂತ ಹೇಳಿ, ಅಪ್ಪನ ಮತ ಬೇರೆಯಾಗಿದ್ದರೆ ಅದೂ ಗೊತ್ತಾಗಲಿ. ಗಂಡ ಹೆಂಡತಿ ಬೇರೆ ಬೇರೆ ವೋಟು ಹಾಕಿ ಒಂದೇ ಸ್ಕೂಟರಿನಲ್ಲಿ ಮನೆಗೆ ಬರುವುದನ್ನು ನೋಡಿದ ಮಗುವಿಗೆ ಸಹಿಷ್ಣುತೆಯ ಪಾಠ ಬೇರೆ ಬೇಡ. ಮಕ್ಕಳನ್ನು ಪ್ರಚಾರಕ್ಕೆ ಮಾತ್ರ ಕಳಿಸಬೇಡಿ. ಬಾವುಟ ಹಿಡಿಸುವುದು, ಘೋಷಣೆ ಕೂಗಿಸುವುದು ಯಾವುದಕ್ಕೂ ಮಕ್ಕಳನ್ನು ಬಳಸಬಾರದು ಅಂತ ಚುನಾವಣಾ ಆಯೋಗ 2024ರಲ್ಲಿ ಪಕ್ಷಗಳಿಗೆ ಕಟ್ಟುನಿಟ್ಟಾಗಿ ಹೇಳಿದೆ.

ಮತದಾನದ ದಿನ ಮಕ್ಕಳನ್ನು ಮತಗಟ್ಟೆಯ ಒಳಗೆ ಕರೆದುಕೊಂಡು ಹೋಗುವ ಆಸೆ ಇದ್ದರೆ, ನಿಯಮದ ಪ್ರಕಾರ ಮತದಾರರ ಜೊತೆ ಒಳಗೆ ಬರಬಹುದಾದದ್ದು ಕಂಕುಳ ಕೂಸು ಮಾತ್ರ. ನಿಮ್ಮ ಮಕ್ಕಳಿಬ್ಬರೂ ಹೊರಗೇ ನಿಲ್ಲಬೇಕು. ಸಾಲನ್ನು ನೋಡಲಿ. ಜಮೀನು ಇರುವವರು, ಅದೇ ಜಮೀನಿಗೆ ಕೂಲಿಗೆ ಹೋಗುವವರು ಒಂದೇ ಸಾಲಿನಲ್ಲಿ ನಿಲ್ಲುವ ಜಾಗ ಊರಲ್ಲಿ ಬೇರೆ ಎಷ್ಟಿವೆ? ನಿಮ್ಮ ಬೆರಳಿನ ಶಾಯಿ ಮೈಸೂರಿನ ಸರ್ಕಾರಿ ಬಣ್ಣದ ಕಾರ್ಖಾನೆಯದು, 1962ರ ಚುನಾವಣೆಯಿಂದ ಇಡೀ ದೇಶಕ್ಕೆ ಅಲ್ಲಿಂದಲೇ ಹೋಗುತ್ತಿದೆ ಅಂತ ಹೇಳಿದರೆ ಮಗಳು ಅದನ್ನು ಉಜ್ಜಿ ನೋಡದೆ ಬಿಡುವುದಿಲ್ಲ.

ಮಗನಿಗೆ ವೋಟು ಬರಲು ಇನ್ನು ಜಾಸ್ತಿ ವರ್ಷ ಇಲ್ಲ. 1989ಕ್ಕೆ ಮೊದಲಾಗಿದ್ದರೆ 21 ಆಗುವವರೆಗೆ ಕಾಯಬೇಕಿತ್ತು, ಈಗ 18. ಹದಿನೇಳು ತುಂಬಿದ ಮೇಲೆ ಮತದಾರರ ಪಟ್ಟಿಗೆ ಹೆಸರು ಸೇರಿಸುವ ಫಾರಂ 6 ಅನ್ನು ಮುಂಗಡವಾಗಿಯೇ ತುಂಬಿ ಕೊಡಬಹುದು. ಮೊದಲು ಜನವರಿ 1ಕ್ಕೆ ಹದಿನೆಂಟು ಆಗಿರಬೇಕಿತ್ತು, ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಈ ನಾಲ್ಕು ತಿಂಗಳ ಒಂದನೇ ತಾರೀಕುಗಳಲ್ಲಿ ಯಾವುದಕ್ಕೆ ಆದರೂ ನಡೆಯುತ್ತದೆ. ಫಾರಂ ತೆಗೆದುಕೊಳ್ಳುವ ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ ಹೆಚ್ಚಾಗಿ ನಿಮ್ಮೂರಿನ ಅಂಗನವಾಡಿ ಕಾರ್ಯಕರ್ತೆಯೋ ಶಾಲೆಯ ಮೇಷ್ಟ್ರೋ ಆಗಿರುತ್ತಾರೆ. ಅವರು ಪಟ್ಟಿ ಪರಿಷ್ಕರಣೆಗೆ ಮನೆಗೆ ಬಂದಾಗ ಬಾಗಿಲಲ್ಲಿ ಮಾತಾಡಿಸುವ ಕೆಲಸ ಮಗನಿಗೇ ಬಿಡಿ. ಮನೆಯ ಎಲ್ಲರ ಹೆಸರು, ವಯಸ್ಸು ಸರಿಯಾಗಿದೆಯಾ, ತೀರಿಹೋದ ಅಜ್ಜನ ಹೆಸರು ಇನ್ನೂ ಇದೆಯಾ ಅಂತ ಅವನೇ ನೋಡಲಿ.